ಆರನೇ ತಿರುವಿನ ಕಲ್ಲಿಗೆ ಬಿಳಿ ಬಣ್ಣ ಬೇಡ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗುಡ್ಡದ ರಸ್ತೆಯ ಆರನೇ ತಿರುವಿನಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕುಳಿತು, ಜ್ವರ ಬಂದವರ ಹಣೆ ಮುಟ್ಟಿ ನೋಡುವಂತೆ ಡಾಂಬರಿನ ಮೇಲೆ ಅಂಗೈ ಆಡಿಸುತ್ತಾರೆ. ಕಣ್ಣಿಗೆ ಕಾಣದ ನುಣುಪು ಮರಳು ಕೈಗೆ ಹತ್ತುತ್ತದೆ. ಹತ್ತಿದೊಡನೆ ಎದ್ದು ಉದ್ದ ಹಿಡಿಯ ಪೊರಕೆ ಹಿಡಿಯುತ್ತಾರೆ. ಗುಡಿಸಿದ್ದನ್ನು ಅಂಚಿಗೆ ತಳ್ಳಿ ಬಿಡುವುದಿಲ್ಲ. ಬಾಂಡಲಿಗೆ ತುಂಬಿ ದೂರ ಒಯ್ದು ಸುರಿಯುತ್ತಾರೆ.

“ಅಂಚಿಗೆ ಬಿಟ್ರೆ ಮೊದಲನೇ ಲಾರಿ ಬಂದು ಮತ್ತೆ ಒಳಗೆ ಎಳೆದು ಹಾಕುತ್ತೆ. ಲಾರಿಗೆ ಈ ಮರಳು ಯಾವ ಲೆಕ್ಕ? ಎರಡು ಗಾಲಿಯೋನಿಗೆ ಒಂದು ಹಿಡಿ ಸಾಕು, ಮಲಗಿಸಿಬಿಡುತ್ತೆ.”

ಓಡಾಡುವ ಬೈಕ್ ಸವಾರರಿಗೆ ಇವರು ‘ಪೊರಕೆ ಅಕ್ಕ’. ವಯಸ್ಸು ಐವತ್ತನಾಲ್ಕು. ರಸ್ತೆ ದುರಸ್ತಿಯ ಗ್ಯಾಂಗಿನಲ್ಲಿ ಇಪ್ಪತ್ತೆರಡು ವರ್ಷ. ಮೊದಲು ಜಲ್ಲಿ ಹೊರುತ್ತಿದ್ದರು. ಸೊಂಟ ಕೈಕೊಟ್ಟಾಗ ಮೇಸ್ತ್ರಿ ಹಗುರದ ಕೆಲಸವೆಂದು ಪೊರಕೆ ಕೊಟ್ಟರು. ನಾಲ್ಕು ಕಿಲೋಮೀಟರು, ಒಂಬತ್ತು ತಿರುವು, ದಿನಕ್ಕೆ ಮೂವತ್ತು ಬಾಂಡಲಿ. ಒಂದು ಪೊರಕೆ ಹದಿನೆಂಟು ದಿನಕ್ಕೆ ಸವೆಯುತ್ತದೆ. “ಮಂಡಿ ಮಾತ್ರ ಬದಲಾಯಿಸೋಕಾಗಲ್ಲ ನೋಡಿ,” ಎಂದು ನಗುತ್ತಾರೆ.

ಬೈಕ್ ಹಾಗಿರಲಿ, ಅಕ್ಕನಿಗೆ ಸೈಕಲ್ಲೂ ಬರುವುದಿಲ್ಲ. ಆದರೆ ಬಿದ್ದವರನ್ನು ಎತ್ತಿ ಎತ್ತಿ, ಯಾರು ಯಾಕೆ ಬೀಳುತ್ತಾರೆಂಬುದು ಅವರಿಗೆ ಬಾಯಿಪಾಠ. “ತಿರುವಿಗೆ ಮುಂಚೇನೇ ವೇಗ ಇಳಿಸ್ಕೋಬೇಕು. ಇವರು ನುಗ್ಗಿಬಿಡ್ತಾರೆ, ಒಳಗೆ ಬಂದ ಮೇಲೆ ಜೀವ ಝಲ್ ಅಂದು ಬ್ರೇಕ್ ಅದುಮ್ತಾರೆ. ವಾಲಿದ್ದ ಗಾಡಿ ಎದ್ದು ನಿಲ್ಲುತ್ತೆ. ಎದ್ದ ಗಾಡಿ ನೇರ ಹೋಗುತ್ತೆ. ರಸ್ತೆ ನೇರ ಇರಬೇಕಲ್ಲ!”

ಇನ್ನೊಂದು ಕಾರಣವನ್ನು ಹೇಳುವಾಗ ಅಕ್ಕ ದನಿ ತಗ್ಗಿಸುತ್ತಾರೆ. ಅದನ್ನು ಕಲಿತದ್ದು ತಮ್ಮದೇ ತಪ್ಪಿನಿಂದ. ಆರನೇ ತಿರುವಿನ ಹೊರ ಅಂಚಿನಲ್ಲಿ ಆಳೆತ್ತರದ ಒಂದು ಬಂಡೆಗಲ್ಲಿದೆ. ಆರು ವರ್ಷದ ಹಿಂದೆ, ಎಲ್ಲರಿಗೂ ಚೆನ್ನಾಗಿ ಕಾಣಲಿ ಎಂದು, ಡಬ್ಬದಲ್ಲಿ ಮಿಕ್ಕಿದ್ದ ಬಿಳಿ ಬಣ್ಣವನ್ನು ಅದಕ್ಕೆ ಬಳಿದರು. ಅದುವರೆಗೆ ಒಬ್ಬರೂ ಬಡಿಯದಿದ್ದ ಕಲ್ಲಿಗೆ ಒಂದೇ ತಿಂಗಳಲ್ಲಿ ಮೂವರು ಬಡಿದರು. ಮೂರನೆಯವರು ಅಕ್ಕನ ಅಳಿಯ. ಮನೆಮನೆಗೆ ಪಾರ್ಸೆಲ್ ತಲುಪಿಸುವ ಕೆಲಸ ಅವರದು.

ಮನೆಯ ಮುಂದಿನ ಕೋಣೆಯಲ್ಲಿ, ಪ್ಲಾಸ್ಟರು ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದ ಅಳಿಯನನ್ನು ಅಕ್ಕ ಕೇಳಿದರಂತೆ: “ಅಷ್ಟು ದೊಡ್ಡ ಕಲ್ಲು ನಿಮ್ಮ ಕಣ್ಣಿಗೆ ಕಾಣ್ಲಿಲ್ವೇ?”

“ಕಂಡಿದ್ದೇ ತಪ್ಪಾಯ್ತು ಅತ್ತೆ. ಬೆಳ್ಳಗೆ ಹೊಳೀತಿತ್ತು. ಬಡೀಬಾರದು, ಬಡೀಬಾರದು ಅಂತ ಅದನ್ನೇ ನೋಡ್ತಾ ಹೋದೆ. ಕಣ್ಣು ಹೋದ ಕಡೆ ಗಾಡಿನೂ ಹೋಯ್ತು.”

ಒಳಗಿಂದ ಮಗಳು ಕೂಗಿದಳು: “ತಮ್ಮ ಅತ್ತೆ ಬಳಿದಿದ್ದಲ್ವಾ, ಹತ್ತಿರದಿಂದ ನೋಡಿ ಬರೋಣ ಅಂತ ಹೋದ್ರು ಬಿಡಮ್ಮ!”

ಎಲ್ಲರೂ ನಕ್ಕರು. ಅಕ್ಕನಿಗೆ ಅಂದು ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಗ್ಯಾಂಗಿನ ಪೀಪಾಯಿಯಿಂದ ಟಾರು ತಂದು ಕಲ್ಲಿಗೆ ಕಪ್ಪು ಬಳಿದರು. ತಿರುವು ಮುಗಿದು ರಸ್ತೆ ಬಿಚ್ಚಿಕೊಳ್ಳುವ ಕಡೆ ಮೂರು ಸಣ್ಣ ಕಲ್ಲು ನೆಟ್ಟು, ಬಿಳಿ ಬಣ್ಣವನ್ನು ಅವಕ್ಕೆ ಕೊಟ್ಟರು. “ನೋಡೋದಾದ್ರೆ ಹೋಗಬೇಕಾದ ಕಡೆ ನೋಡ್ಲಿ.” ಆ ತಿರುವಿನಲ್ಲಿ ಬೀಳುವವರು ಈಗಲೂ ಇದ್ದಾರೆ, ಬಂಡೆಗೆ ಬಡಿದವರು ಮಾತ್ರ ಆಮೇಲೆ ಯಾರೂ ಇಲ್ಲ.

ಆ ಬಂಡೆಗೆ ಈ ವಾರ ಮತ್ತೆ ಬಿಳಿ ಬಣ್ಣದ ಸರದಿ ಬಂದಿದೆ. ಹೊಸದಾಗಿ ಬಂದ ಎಂಜಿನಿಯರು, ಎಲ್ಲ ತಿರುವುಗಳ ಹೊರ ಅಂಚಿನ ಕಲ್ಲಿಗೂ ಶನಿವಾರದೊಳಗೆ ಬಿಳಿ ಬಣ್ಣ ಆಗಬೇಕು ಎಂದಿದ್ದಾರೆ. ಎಂಟಕ್ಕೆ ಬಳಿದಾಗಿದೆ. ಆರನೆಯದಕ್ಕೆ ಅಕ್ಕ ಬಿಡುತ್ತಿಲ್ಲ. ಅಳಿಯ ಗುಣವಾಗಿ ಈಗಲೂ ದಿನಕ್ಕೆ ಎರಡು ಸಲ ಇದೇ ದಾರಿಯಲ್ಲಿ ಹೋಗಿಬರುತ್ತಾರೆ.

“ಏನಮ್ಮ, ಹಟ ಹಿಡಿದಿದ್ದೀಯಂತೆ? ಬೇರೆ ರಸ್ತೆಗೆ ಹಾಕ್ಲಾ?” ಜೀಪಿನಿಂದ ಇಳಿದ ಎಂಜಿನಿಯರು ಕೇಳುತ್ತಾರೆ.

“ಹಾಕಿ ಸಾರ್, ಹೋಗ್ತೀನಿ. ಅದಕ್ಕೆ ಮುಂಚೆ ಒಂದು ಗಂಟೆ ನನ್ ಜೊತೆ ಕೂತ್ಕೊಳ್ಳಿ. ಗಾಡಿ ನೋಡ್ಬೇಡಿ, ತಲೆ ನೋಡಿ.”

ಬಣ್ಣದ ವಾಸನೆ ಇನ್ನೂ ಆರದ ಐದನೇ ತಿರುವಿನಲ್ಲಿ, ಬೋರಲು ಹಾಕಿದ ಬಾಂಡಲಿಯ ಮೇಲೆ ಎಂಜಿನಿಯರು ಕೂರುತ್ತಾರೆ. ಅರ್ಧ ಗಂಟೆಯಲ್ಲಿ ಹನ್ನೊಂದು ಬೈಕು. ಏಳು ಹೆಲ್ಮೆಟ್ಟುಗಳು ಬಿಳಿ ಕಲ್ಲಿನತ್ತಲೇ ತಿರುಗುತ್ತವೆ. ಆ ಸವಾರರಲ್ಲೊಬ್ಬ ನಡು ತಿರುವಿನಲ್ಲಿ ಬ್ರೇಕ್ ಹಿಡಿದು, ಕಲ್ಲಿಗೆ ಗೇಣಿನಷ್ಟು ಹತ್ತಿರ ಹೋಗಿ, ಹೇಗೋ ಹೊರಳಿಸಿಕೊಂಡು ಪಾರಾಗುತ್ತಾನೆ. ಎಂಜಿನಿಯರು ಎದ್ದೇ ನಿಂತುಬಿಡುತ್ತಾರೆ. ಮುಂದಿನ ಅರ್ಧ ಗಂಟೆ ಆರನೇ ತಿರುವಿನಲ್ಲಿ. ಹನ್ನೆರಡು ಬೈಕು. ಕಪ್ಪು ಕಲ್ಲಿನ ಕಡೆ ತಿರುಗಿದ ಹೆಲ್ಮೆಟ್ಟು ಎರಡೇ. ಉಳಿದವು ಮುಂದಿನ ಸಣ್ಣ ಕಲ್ಲುಗಳ ಕಡೆಗೆ.

ಎಂಜಿನಿಯರು ಜೀಪಿನ ಕಡೆ ನಡೆಯುತ್ತಾರೆ. “ಇಪ್ಪತ್ಮೂರು ತಲೆ ಎಣಿಸಿದ್ರೆ ನಿಯಮ ಬದಲಾಗಲ್ಲಮ್ಮ,” ಎನ್ನುತ್ತಾರೆ. “ಮೂರು ತಿಂಗಳು ಈ ಕಲ್ಲು ಹೀಗೇ ಇರ್ಲಿ. ಐದನೇದಕ್ಕೂ ಟಾರು ಬಳಿ. ಎರಡು ಕಡೆ ಯಾರು ಬಿದ್ರು, ಹೇಗೆ ಬಿದ್ರು, ಎಲ್ಲ ಇದರಲ್ಲಿ ಬರೀಬೇಕು.” ಜೀಪಿನಿಂದ ಹೊಸ ನೋಟ್‌ಬುಕ್ ತೆಗೆದು ಕೊಡುತ್ತಾರೆ. “ಬರೆಯೋಕೆ ಬರುತ್ತಲ್ಲ?”

ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಳ್ಳುತ್ತಾರೆ.

“ಬರುತ್ತೆ ಸಾರ್. ಆದ್ರೆ ಖಾಲಿ ಪುಸ್ತಕಾನೇ ನಿಮ್ ಕೈಗೆ ವಾಪಸ್ ಕೊಡ್ಬೇಕು ಅಂತ ನನ್ ಆಸೆ.”