ಟೇಪಣ್ಣನ ಮೊಳದುದ್ದದ ಕೇಬಲ್

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಟೇಪಣ್ಣ ಅಂತಲೇ ಕರೆಯುವುದು. ಕೈಯಲ್ಲಿ ಹಿಡಿದು ಆಡುವ ಹಳೇ ವಿಡಿಯೋ ಗೇಮ್ ಸೆಟ್ಟುಗಳನ್ನು ಕೊಂಡು, ರಿಪೇರಿ ಮಾಡಿ, ಮಾರುವುದು ಅವನ ಕಸುಬು. ನನ್ನ ಕನ್ನಡಕದ ಅಂಗಡಿಗೂ ಅವನ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ಪ್ಲೈವುಡ್ ಹಲಗೆ. ಅವನು ಆ ಕಡೆ ಸೀನಿದರೆ ಈ ಕಡೆ ನನ್ನ ಶೋಕೇಸಿನ ಗಾಜು ನಡುಗುತ್ತದೆ. ಹಾಗಾಗಿ ಅವನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಅವನಾಗಿ ಹೇಳಿದ್ದು, ಇನ್ನರ್ಧ ಕಿವಿಗೆ ಬಿದ್ದದ್ದು. ಕದ್ದು ಕೇಳಿದ್ದಲ್ಲ. ಹಲಗೆ ತೆಳ್ಳಗಿದ್ದರೆ ಅದು ನನ್ನ ತಪ್ಪೇ?

ಎಂಥ ಸೆಟ್ಟೇ ಅಂಗಡಿಗೆ ಬರಲಿ, ಟೇಪಣ್ಣ ಮೊದಲು ಕಪ್ಪು ಟೇಪು ಹರಿದು, ಹಿಂದೆ ಮುಂದೆ ಎಲ್ಲೆಲ್ಲಿ ಕಂಪನಿಯ ಹೆಸರಿದೆಯೋ ಅಲ್ಲೆಲ್ಲ ಅಂಟಿಸುತ್ತಿದ್ದ. ಆಮೇಲೇ ಅದು ಕೌಂಟರಿನ ಮೇಲೆ ಬರುತ್ತಿತ್ತು. ಗಿರಾಕಿ ಯಾರಾದರೂ ಬಂದು "ಇಂಥ ಕಂಪನಿದು ಇದ್ಯಾ?" ಅಂದರೆ ಮುಗಿಯಿತು.

"ಹೆಸರು ಆಮೇಲೆ. ಮೊದ್ಲು ಕಣ್ಣು ಮುಚ್ಕೊಂಡು ಕೈಯಲ್ಲಿ ಹಿಡೀರಿ. ಭಾರ ಯಾವ ಕಡೆ ಇದೆ?"

"ಮೇಲ್ಗಡೆ ವಾಲ್ತಾ ಇದೆ."

"ಹಾಂ. ಸ್ವಲ್ಪ ಹೊತ್ತು ಆಡಿದ್ರೆ ಮಣಿಕಟ್ಟು ಬಿದ್ದುಹೋಗುತ್ತೆ. ಈಗ ಇದನ್ನ ಹಿಡೀರಿ."

ಗುಂಡಿ ಎಷ್ಟು ಆಳ ಇಳಿಯುತ್ತದೆ, ಒತ್ತಿ ಬಿಟ್ಟ ಮೇಲೆ ಚಟ್ಟನೆ ಏಳುತ್ತದೋ ಅಥವಾ ಸೋಮಾರಿಯ ಹಾಗೆ ಮೈ ಮುರಿಯುತ್ತದೋ, ಪರದೆ ಬಿಸಿಲಲ್ಲೂ ಕಾಣುತ್ತದೋ, ಆಡುತ್ತಾ ಆಡುತ್ತಾ ಬೆನ್ನು ಬಿಸಿಯಾಗುತ್ತದೋ, ಬ್ಯಾಟರಿ ಕೊನೆಯವರೆಗೆ ಜೊತೆ ಕೊಡುತ್ತದೋ ಅಥವಾ ಆಟ ರಂಗೇರಿದಾಗ ಕೈಕೊಡುತ್ತದೋ, ಎಲ್ಲವನ್ನೂ ಗಿರಾಕಿಯ ಬಾಯಲ್ಲೇ ಹೇಳಿಸುತ್ತಿದ್ದ. ಹೆಸರು ಕಂಡ ಕೂಡಲೇ ಕೈ ಕುರುಡಾಗುತ್ತದೆ ಅನ್ನುವುದು ಅವನ ವಾದ. ಕೆಲವರು ತಲೆ ಕೆಟ್ಟು ಎದ್ದು ಹೋಗುತ್ತಿದ್ದರು. ಉಳಿದವರು ಸರಿಯಾದದ್ದನ್ನೇ ಒಯ್ಯುತ್ತಿದ್ದರು, ಟೇಪು ಕೀಳುವುದನ್ನೂ ಮರೆತು.

ನನ್ನ ಅಂಗಡಿಗೆ ಬಂದರೂ ಇದೇ ರಾಗ. ಫ್ರೇಮಿನ ಮೇಲಿನ ಹೆಸರು ತೋರಿಸಿ ನಾನು ಮಾರುವುದನ್ನು ನೋಡಿ, "ಕನ್ನಡಕ ಹಾಕ್ಕೊಳ್ಳೋದು ಕಿವಿ ಹತ್ರದ ಹೆಸರು ಓದೋಕಾ ಮೇಡಂ?" ಅಂತ ಕಾಲೆಳೆಯುತ್ತಿದ್ದ. ನಿಮ್ಮ ಅಂಗಡಿ ಉದ್ಧಾರವಾದ ಚೆಂದ ಕಾಣುತ್ತಲೇ ಇದೆಯಲ್ಲ ಅನ್ನುತ್ತಿದ್ದೆ ನಾನು. ಇಷ್ಟು ಮಾತು ದಿನಕ್ಕೊಮ್ಮೆ ಆಗದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಭಾನುವಾರ ಮಾತ್ರ ಈ ಮಾತಿಲ್ಲ. ಭಾನುವಾರ ಬೀದಿಯ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ನನ್ನದೊಂದನ್ನು ಬಿಟ್ಟು. ಯಾಕೆ ಅಂತ ಕೇಳಿದವರಿಗೆ, ಅರ್ಜೆಂಟ್ ಗಿರಾಕಿಗಳು ಬರುತ್ತಾರೆ ಅನ್ನುತ್ತೇನೆ. ಟೇಪಣ್ಣ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ನನ್ನ ಬಾಗಿಲ ಮುಂದೆಯೇ ಹಾದು ಬಸ್ಸಿಗೆ ಹೋಗುತ್ತಿದ್ದ. ಊರಿನ ಆ ತುದಿಯಲ್ಲಿ ಅವನ ಅಕ್ಕ ಇದ್ದಳು.

ಟೇಪಣ್ಣ ಮದುವೆಯಾಗಿರಲಿಲ್ಲ. ಅಕ್ಕನ ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅವನಿಗೆ ಅವಳು, ಅವಳಿಗೆ ಅವನು, ಅಷ್ಟೇ. ಆದರೆ ಎದುರು ಬದುರು ಮಾತಿಗೆ ಕೂತರೆ ಎಣ್ಣೆ ಸೀಗೆಕಾಯಿ. ಭಾವ ಇದ್ದಾಗ ಯಾರೋ ಏನೋ ಅಂದದ್ದು, ಅದಕ್ಕೆ ಇನ್ಯಾರೋ ಮುಖ ತಿರುಗಿಸಿದ್ದು, ಎಲ್ಲ ಒಂದೊಂದಾಗಿ ಎದ್ದು ಬಂದು ಚಹಾ ಆರುವಷ್ಟರಲ್ಲಿ ಜಗಳ ಹತ್ತಿಕೊಳ್ಳುತ್ತಿತ್ತು. ಅದಕ್ಕೇ ಇಬ್ಬರೂ ಮಾತು ಬಿಟ್ಟು ಆಟ ಹಿಡಿದಿದ್ದರು. ಚಿಕ್ಕಂದಿನಲ್ಲಿ ಅಪ್ಪ ತಂದುಕೊಟ್ಟ ಎರಡು ಸೆಟ್ಟುಗಳು ಇನ್ನೂ ಇದ್ದವು. ಎರಡನ್ನೂ ಒಂದು ಕೇಬಲ್ಲಿನಿಂದ ಕೂಡಿಸಿದರೆ ಒಂದೇ ನದಿಯಲ್ಲಿ ಎರಡು ದೋಣಿ ಓಡುತ್ತವೆ, ಮೊದಲು ದಡ ಮುಟ್ಟಿದವರು ಗೆದ್ದ ಹಾಗೆ. ಕೇಬಲ್ ಇದ್ದದ್ದು ಮೊಳದುದ್ದ. ಒಬ್ಬರು ಇಲ್ಲಿ ಒಬ್ಬರು ಅಲ್ಲಿ ಕೂರುವ ಹಾಗಿಲ್ಲ. ಮುನಿಸಿಕೊಂಡರೂ ಆ ಮೊಳದ ಒಳಗೇ ಮುನಿಸಿಕೊಳ್ಳಬೇಕು.

ಒಂದು ಸೋಮವಾರ ಟೇಪಣ್ಣ ಹಲಗೆಯ ಪಕ್ಕದಿಂದ ಇಣುಕಿದ. ಮುಖ ಚಿಕ್ಕದಾಗಿ ಇಷ್ಟೇ ಇಷ್ಟಾಗಿತ್ತು.

"ನಿನ್ನೆ ಅಕ್ಕ ಸೋತಿದ್ದೇ ಸೋತಿದ್ದು ಮೇಡಂ. ಅವಳು ಯಾವತ್ತೂ ಸೋತೋಳಲ್ಲ. ಬೇಕಂತ ಬಿಟ್ಕೊಡ್ತಿದ್ದಾಳೇನೋ ಅಂತ ರೇಗ್ದೆ. ಆಮೇಲೆ ಕೈ ನೋಡ್ದೆ. ಗೆಣ್ಣೆಲ್ಲ ಊದ್ಕೊಂಡಿದೆ. ಗುಂಡಿ ಒತ್ತೋವಾಗ ತುಟಿ ಕಚ್ಕೊಳ್ತಾಳೆ."

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸ್ಕೊಂಡಿದ್ದಾಳಂತೆ. ನಂಗೆ ಹೇಳೇ ಇಲ್ಲ. ಸಂಧಿವಾತ, ಇನ್ನು ಮೊದಲಿನ ಹಾಗೆ ಆಗಲ್ಲ ಅಂದಿದ್ದಾರಂತೆ." ತನ್ನ ಬೆರಳನ್ನೇ ಮಡಚಿ ಬಿಡಿಸಿ ನೋಡಿಕೊಳ್ಳುತ್ತಾ, "ಅವಳ ಕೈಗಾಗೋ ಸೆಟ್ಟು ಸಿಗ್ಲಿಲ್ಲ ಅಂದ್ರೆ ನಮ್ಮ ಭಾನುವಾರ ಮುಗೀತು" ಅಂದ.

ಅವತ್ತಿನಿಂದ ಶುರುವಾಯಿತು ನೋಡಿ ಹುಡುಕಾಟ. ಅಂಗಡಿಯಲ್ಲಿದ್ದದ್ದು, ಬೇರೆ ಅಂಗಡಿಯಿಂದ ಎರವಲು ತಂದದ್ದು, ಗುಜರಿಯಲ್ಲಿ ಸಿಕ್ಕಿದ್ದು, ಎಲ್ಲ ಸೆಟ್ಟುಗಳೂ ಕೌಂಟರಿನ ಮೇಲೆ ಸಾಲಾಗಿ ಕೂತವು. ಆದರೆ ಗಟ್ಟಿ ಬೆರಳಿನವನು ಹಿಡಿದು ನೋಡಿದರೆ ಊದಿದ ಬೆರಳಿನ ಕಷ್ಟ ತಿಳಿಯುವುದು ಹೇಗೆ? ಟೇಪಣ್ಣ ಅದೇ ಕಪ್ಪು ಟೇಪನ್ನು ತನ್ನ ಬೆರಳಿನ ಗೆಣ್ಣು ಗೆಣ್ಣಿಗೂ ಬಿಗಿಯಾಗಿ ಸುತ್ತಿಕೊಂಡ. ಬೆರಳು ಮಡಚದ ಹಾಗಾದ ಮೇಲೆ ಒಂದೊಂದೇ ಸೆಟ್ಟು ಎತ್ತಿಕೊಂಡು ಆಡತೊಡಗಿದ. ಒಬ್ಬನ ಕೈ ನಂಬಬಾರದು ಅಂತ ನನ್ನ ಕೈಗೂ ಸುತ್ತಿದ. ಅಂಥ ಹೊತ್ತಿನಲ್ಲೇ ನನ್ನ ಗಿರಾಕಿಯೊಬ್ಬರು ಬಂದು ಫ್ರೇಮ್ ಕೇಳಿದರು. ನಾನು ಎರಡೂ ಮುಂಗೈಯಲ್ಲಿ ಫ್ರೇಮನ್ನು ಅವುಚಿ ಹಿಡಿದು ಕೊಡಲು ಹೋದೆ. ಆ ಮನುಷ್ಯ ನನ್ನ ಕೈಯನ್ನೊಮ್ಮೆ, ಟೇಪಣ್ಣನ ಕೈಯನ್ನೊಮ್ಮೆ ನೋಡಿ, ನಾಳೆ ಬರ್ತೀನಿ ಅಂತ ಹೋದವರು ಇವತ್ತಿನವರೆಗೂ ಬಂದಿಲ್ಲ. ನಕ್ಕೂ ನಕ್ಕೂ ನನ್ನ ಹೊಟ್ಟೆ ಹುಣ್ಣಾಯಿತು. ಆಮೇಲೆ ಟೇಪು ಬಿಚ್ಚಿಕೊಂಡಾಗ ಬೆರಳುಗಳು ಜೋಮು ಹಿಡಿದಿದ್ದವು. ಇದೇ ಕೈಯಲ್ಲಿ ಅವನ ಅಕ್ಕ ಸೊಪ್ಪು ಬಿಡಿಸುತ್ತಾಳೆ, ಬೀಗ ತೆಗೆಯುತ್ತಾಳೆ, ತಲೆ ಬಾಚಿಕೊಳ್ಳುತ್ತಾಳೆ ಅನ್ನಿಸಿ ನಗು ನಿಂತಿತು.

ಕೊನೆಗೆ ಕಣದಲ್ಲಿ ಉಳಿದದ್ದು ಮೂರು. ಒಂದಕ್ಕೆ ದೊಡ್ಡ ಪರದೆ, ಬೇರೆ ಸೆಟ್ಟಿನ ಜೊತೆ ಕೂಡಿ ಆಡಲು ವೈಫೈ ಇತ್ತು, ಆದರೆ ಒಳ್ಳೇ ಇಟ್ಟಿಗೆಯಂಥ ಭಾರ. ಇನ್ನೊಂದು ಹಗುರ, ಕೇಬಲ್ ಹಾಕುವ ತೂತೂ ಇತ್ತು, ಆದರೆ ಗುಂಡಿಗಳು ಕಡಲೆಕಾಳಿನ ಹಾಗೆ ಚಿಕ್ಕವು, ಗಟ್ಟಿ ಬೇರೆ. ಮೂರನೆಯದು ಯಾರೂ ಕೇಳಿರದ ಕಂಪನಿಯದು. ಹಗುರ, ಅಂಗೈಗೆ ಒಪ್ಪುವ ಉಬ್ಬು ಬೆನ್ನು, ಅಗಲ ಗುಂಡಿ, ಮುಟ್ಟಿದರೆ ಸಾಕು ಇಳಿಯುತ್ತಿತ್ತು. ಟೇಪು ಸುತ್ತಿದ ಬೆರಳಿನಲ್ಲೂ ಅದನ್ನು ಎಷ್ಟು ಹೊತ್ತು ಬೇಕಾದರೂ ಆಡಬಹುದಿತ್ತು. ಆದರೆ ಅದಕ್ಕೆ ಕೇಬಲ್ಲಿನ ತೂತಿಲ್ಲ, ವೈಫೈಯೂ ಇಲ್ಲ. ಅದು ಒಬ್ಬರೇ ಆಡುವ ಸೆಟ್ಟು.

ಟೇಪಣ್ಣ ಎರಡನೆಯದರ ಹೊಟ್ಟೆ ಬಿಚ್ಚಿ ಗುಂಡಿಗಳ ಕೆಳಗಿನ ರಬ್ಬರ್ ಬದಲಾಯಿಸಿ ನೋಡಿದ. ಮೆತ್ತನೆಯ ರಬ್ಬರ್ ಹಾಕಿದರೆ ಗುಂಡಿ ಕೆಳಗಿಳಿದದ್ದು ಮೇಲೇಳುತ್ತಿರಲಿಲ್ಲ, ದೋಣಿ ಒಂದೇ ಸಮ ಬಂಡೆಗೆ ಹೋಗಿ ಗುದ್ದುತ್ತಿತ್ತು. ರಬ್ಬರನ್ನು ಕೆರೆದು ತೆಳ್ಳಗೆ ಮಾಡಿದ, ಅದು ಹರಿದೇ ಹೋಯಿತು. ವಾರವೆಲ್ಲ ಅದರ ಮೇಲೆ ಬಗ್ಗಿ ಕೂತಿದ್ದು, ಒಂದು ಸಂಜೆ ಸ್ಕ್ರೂಡ್ರೈವರ್ ಕೆಳಗಿಟ್ಟು ಮೂರನೆಯದನ್ನು ಒರೆಸತೊಡಗಿದ.

"ಅದರಲ್ಲಿ ಇಬ್ರು ಆಡೋಕಾಗಲ್ವಲ್ಲ" ಅಂದೆ.

"ಕೇಬಲ್ ಬೇಕಾಗಿರೋದು ನಂಗೆ ಮೇಡಂ. ಅಕ್ಕನಿಗೆ ಬೇಕಾಗಿರೋದು ನೋವಿಲ್ಲದೆ ಆಡೋದು." ಅವನು ತಲೆಯೆತ್ತಲಿಲ್ಲ. "ಗಿರಾಕಿ ಕೈ ನೋಡಿ ಕೊಡ್ಬೇಕು. ನಮ್ಮ ಆಸೆ ನೋಡಿ ಅಲ್ಲ."

ನಾನು ನನ್ನ ಕಡೆಗೆ ಬಂದು ಶೋಕೇಸಿನ ಗಾಜು ಒರೆಸತೊಡಗಿದೆ.

ಆ ಭಾನುವಾರ ನನ್ನನ್ನೂ ಕರೆದ. ಅಕ್ಕನ ಕನ್ನಡಕ ಮೂಗಿನಿಂದ ಜಾರುತ್ತದೆ, ಸರಿಮಾಡಿಕೊಡಿ ಅನ್ನುವುದು ನೆಪ. ಒಬ್ಬನೇ ಹೋಗಲು ಅವನಿಗೆ ಅಂಜಿಕೆ ಅಂತ ನನಗೆ ತಿಳಿಯಿತು. ಅಕ್ಕನ ಮನೆ ಮೇಲಿನ ಮಹಡಿಯಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಕೆಳಗಿನ ಸೋಫಾದಲ್ಲಿ ಪಕ್ಕಪಕ್ಕದಲ್ಲೇ ಎರಡು ಕಡೆ ತಗ್ಗು ಬಿದ್ದಿತ್ತು. ಉಳಿದದ್ದೆಲ್ಲ ಹೊಸದರ ಹಾಗೇ ಇತ್ತು.

ಟೇಪಣ್ಣ ಸೆಟ್ಟು ಕೊಟ್ಟ. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೋ, ಇದಕ್ಕೂ ಬಾಯಿಗೆ ಟೇಪು ಹಾಕಿದ್ದೀಯ?" ಅಂದಳು. ಬದಿಯಲ್ಲೆಲ್ಲ ಬೆರಳಾಡಿಸಿದಳು. "ಕೇಬಲ್ ಎಲ್ಲಿ ಹಾಕೋದು?"

"ಇದಕ್ಕಿಲ್ಲ ಅಕ್ಕ. ಆದ್ರೆ ಕೈ ನೋಯಲ್ಲ, ನೋಡು."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಆಡಿದಳು. ತುಟಿ ಕಚ್ಚಲಿಲ್ಲ. ಗೆದ್ದಾಗ ಮಗುವಿನ ಹಾಗೆ ನಕ್ಕಳು. ಅವನು ಪಕ್ಕದ ತಗ್ಗಿನಲ್ಲಿ ತನ್ನ ಹಳೆಯ ಸೆಟ್ಟು ಹಿಡಿದು ಕೂತಿದ್ದ. ಅದರಿಂದ ಹೊರಟ ಕೇಬಲ್ಲಿನ ಇನ್ನೊಂದು ತುದಿ ಅವನ ತೊಡೆಯ ಮೇಲೆ ಬಿದ್ದಿತ್ತು.

"ಬಹಳ ಚೆನ್ನಾಗಿದೆ ಕಣೋ" ಅಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಇನ್ನು ನೀನು ವಾರ ವಾರ ಬಸ್ಸಲ್ಲಿ ಒದ್ದಾಡ್ಕೊಂಡು ಬರ್ಬೇಕಾಗಿಲ್ಲ ಬಿಡು. ನನಗೆ ಹೊತ್ತು ಹೋಗುತ್ತೆ."

"ಸರಿ ಅಕ್ಕ" ಅಂದ ಟೇಪಣ್ಣ.

ಚಹಾ ಲೋಟ ತೊಳೆಯುವ ನೆಪದಲ್ಲಿ ನಾನು ಅಡುಗೆಮನೆಗೆ ಹೋದೆ. ಹಿಂದೆಯೇ ಅಕ್ಕ ಬಂದು ನಲ್ಲಿ ಪೂರ್ತಿ ತಿರುಗಿಸಿದಳು, ಮಾತು ಹೊರಗೆ ಕೇಳಬಾರದು ಅಂತ.

"ನಿಮ್ಮ ಹತ್ರ ಹೇಳ್ತೀನಮ್ಮ. ನಂಗೆ ಈ ಆಟದ ಹುಚ್ಚು ಯಾವತ್ತೋ ಬಿಟ್ಟುಹೋಗಿದೆ. ಆಡ್ತಾ ಇದ್ರೆ ಇವನು ಬರ್ತಾನಲ್ಲ, ಅದಕ್ಕೇ ಆಡ್ತಿದ್ದೆ. ಈಗ ಒಬ್ಬಳೇ ಆಡೋದನ್ನ ತಂದುಕೊಟ್ಟಿದ್ದಾನೆ. ಇನ್ನು ಬರಲ್ಲ ಅಂತ ತಾನೇ ಅರ್ಥ? ಅವನ ಬಾಯಿಂದ ಕೇಳೋದು ಬೇಡ ಅಂತ ನಾನೇ ಅಂದ್ಬಿಟ್ಟೆ." ಊದಿದ ಕೈಯಿಂದ ಮೂಗು ಒರೆಸಿಕೊಂಡಳು. "ಅವನಿಗೆ ಹೇಳ್ಬೇಡಿ. ನನ್ನಾಣೆ."

ಆಣೆ ಇಟ್ಟ ಮೇಲೆ ಏನು ಮಾಡಲಿ? ವಾಪಸು ಬರುವಾಗ ಬಸ್ಸಿನಲ್ಲಿ ಟೇಪಣ್ಣ ಕಿಟಕಿಯ ಪಕ್ಕ ಕೂತು ಕೇಬಲ್ಲನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ವಾರವೆಲ್ಲ ಇಬ್ಬರೂ ಒಬ್ಬರನ್ನೊಬ್ಬರು ರೇಗಿಸಲಿಲ್ಲ.

ಮುಂದಿನ ಭಾನುವಾರ ನಾನು ಬಾಗಿಲು ತೆಗೆದು ಗಾಜು ಒರೆಸುತ್ತಿದ್ದೆ. ಪಕ್ಕದ ಶಟರ್ ಮೇಲೇರುವ ಸದ್ದು ಕೇಳಿಸಿತು. ಟೇಪಣ್ಣ ಹಳೇ ಶರ್ಟಿನಲ್ಲಿ ಬಂದಿದ್ದ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಭಾನುವಾರ ಆ ಹಲಗೆಯ ಆಚೆ ಉಸಿರಾಡುವ ಸದ್ದು ಕೇಳಿದ್ದು ಅದೇ ಮೊದಲು. ಫ್ಲಾಸ್ಕಿನಿಂದ ಅವನಿಗೂ ಚಹಾ ಬಗ್ಗಿಸಿದೆ. ಸುಮ್ಮನಿದ್ದರೆ ಪ್ರತಿ ಭಾನುವಾರವೂ ಹೀಗೇ ಇರುತ್ತದೆ ಅಂತ ಮನಸ್ಸು ಹೇಳಿತು.

ಅವನು ಕೌಂಟರಿನ ಹಿಂದೆ ಕೂತು, ಹೆಸರಿಲ್ಲದ ಸೆಟ್ಟೊಂದಕ್ಕೆ ಟೇಪು ಅಂಟಿಸುತ್ತಿದ್ದ. ಅಂಟಿಸಿದ ಮೇಲೇ ಅಂಟಿಸುತ್ತಿದ್ದ. ಅದನ್ನು ನೋಡಿ ನನಗೆ ಉರಿದುಹೋಯಿತು.

"ಟೇಪಣ್ಣ, ಎಲ್ಲಾ ನೋಡಿದ್ರಿ. ಭಾರ ನೋಡಿದ್ರಿ, ಗುಂಡಿ ನೋಡಿದ್ರಿ. ಅಕ್ಕನಿಗೆ ಏನು ಬೇಕು ಅಂತ ಒಂದು ಮಾತು ಕೇಳಿದ್ರಾ?"

"ಬರ್ಬೇಡ ಅಂದಿದ್ದು ಅವಳೇ ಮೇಡಂ."

"ಅಕ್ಕ ಆಡ್ತಿದ್ದಿದ್ದೇ ನೀವು ಬರ್ತೀರ ಅಂತ. ಒಬ್ರೇ ಆಡೋದನ್ನ ಕೈಗಿಟ್ರಿ, ಇನ್ನು ಬರಲ್ಲ ಅಂತ ಅವರು ಅಂದ್ಕೊಂಡ್ರು. ಆಣೆ ಹಾಕಿಸ್ಕೊಂಡಿದ್ರು ನನ್ನ ಹತ್ರ. ಮುರಿದಿದ್ದೀನಿ. ಹೋಗಿ."

ಟೇಪಣ್ಣನ ಕೈಯಿಂದ ಟೇಪಿನ ಸುರುಳಿ ಜಾರಿ ನೆಲದ ಮೇಲೆ ಉರುಳಿಕೊಂಡು ಹೋಯಿತು. ಅವನು ಅದನ್ನು ಎತ್ತಿಕೊಳ್ಳಲೂ ಇಲ್ಲ. ಆಮೇಲೆ ಚಿಕ್ಕ ಹುಡುಗನ ದನಿಯಲ್ಲಿ ಕೇಳಿದ, "ಆಟಾನೇ ಇಲ್ವಲ್ಲ. ಹೋಗಿ ಏನ್ ಮಾಡ್ಲಿ?"

"ಮೊಳ ದೂರದಲ್ಲಿ ಕೂತ್ಕೊಳ್ಳಿ. ಜಗಳ ಬಂದ್ರೆ ಜಗಳ ಆಡಿ."

ಅವನು ಇಸ್ತ್ರಿಯಿಲ್ಲದ ಶರ್ಟಿನಲ್ಲೇ ಎದ್ದ. ಚೀಲ ತೆಗೆದುಕೊಳ್ಳಲಿಲ್ಲ. ಬಸ್ಸು ತಪ್ಪೀತು ಅಂತ ಓಡಿದ ಅವಸರದಲ್ಲಿ ಶಟರನ್ನು ಅರ್ಧಕ್ಕೇ ಬಿಟ್ಟು ಹೋಗಿದ್ದ. ನಾನು ಹೋಗಿ ಅದನ್ನು ಪೂರ್ತಿ ಎಳೆದು ಬೀಗ ಹಾಕಿದೆ. ವಾಪಸು ಬಂದು ಚಹಾದ ಎರಡೂ ಲೋಟ ತೊಳೆದಿಟ್ಟೆ. ಬೀದಿ ಖಾಲಿ ಇತ್ತು. ಭಾನುವಾರ ಕನ್ನಡಕಕ್ಕೆ ಯಾರೂ ಬರುವುದಿಲ್ಲ. ಅರ್ಜೆಂಟ್ ಗಿರಾಕಿ ಅನ್ನುವವರು ನನಗೆ ಇದ್ದದ್ದೇ ಇಲ್ಲ.