ಬೆಚ್ಚನೆಯ ಜಗಲಿಯ ಮೇಲಿಟ್ಟ ಕಡಜಗಳು

ನಮ್ಮ ಕಣಿವೆಯಲ್ಲಿ ತೋಂಗ್ ಯೂಫೆಂಗಳನ್ನು ಅರಿಯದವರಿಲ್ಲ. ಬೇಸಿಗೆಯ ಮಳೆ ಬಿಡುವು ಕೊಟ್ಟೊಡನೆ ಬಟ್ಟೆಯ ಚೀಲವೊಂದನ್ನು ಮೈಗೆ ಸೋಕದಂತೆ ಕೋಲಿಗೆ ತೂಗಿಹಾಕಿಕೊಂಡು, ಮೆಕ್ಕೆಜೋಳದ ಸಾಲುಗಳಲ್ಲಿ ಬಾಗಿ ನಡೆಯುವವಳು ಅವಳೇ. ಚೀಲದಲ್ಲಿ ಬೆರಳಗಲದ ಕಾಗದದ ಚೂರುಗಳು, ಅವುಗಳ ಮೇಲೆ ಅಂಟಿಸಿದ ರೇಷ್ಮೆಚಿಟ್ಟೆಯ ಮೊಟ್ಟೆಗಳು, ಮೊಟ್ಟೆಗಳೊಳಗೆ ಧೂಳಿನ ಕಣದಷ್ಟು ಸಣ್ಣ ಕಡಜಗಳು. ಚೂರನ್ನು ಹುಲ್ಲುಕಡ್ಡಿಯಿಂದ ಎಲೆಯಡಿಗೆ ಚುಚ್ಚಿಬಿಟ್ಟರೆ ಕಡಜಗಳು ಹೊರಬಂದು, ಕಾಂಡ ಕೊರೆಯುವ ಹುಳುವಿನ ಮೊಟ್ಟೆಯನ್ನು ಹುಡುಕಿ, ಅದರೊಳಗೆ ತಮ್ಮ ಮೊಟ್ಟೆಯನ್ನಿಡುತ್ತವೆ. ಹುಳು ಹುಟ್ಟಬೇಕಾದಲ್ಲಿ ಕಡಜ ಹುಟ್ಟುತ್ತದೆ. ಒಂದು ಜೀವದ ತೊಟ್ಟಿಲಲ್ಲಿ ಮತ್ತೊಂದನ್ನು ಮಲಗಿಸುವ ದೈವದ ಈ ಏರ್ಪಾಡನ್ನು ನೆನೆದರೆ ಕೈಮುಗಿಯಬೇಕೋ ನಡುಗಬೇಕೋ ತಿಳಿಯದು. ಯೂಫೆಂಗ್ ನಡುಗುವವಳು.

"ಏನಕ್ಕಾ, ಚೀಲದಲ್ಲಿ ಹುಲಿ ತುಂಬ್ಕೊಂಡಿದೀಯಾ? ಅಷ್ಟು ದೂರ ಹಿಡ್ದಿದೀಯ!" ಎಂದು ನೆರೆಮನೆಯ ಚೂ ಲಾಯ್‌ಷುನ್ ಪ್ರತಿವರ್ಷವೂ ಛೇಡಿಸುತ್ತಾನೆ.

"ಹುಲಿಯಾದ್ರೆ ಕಣ್ಣಿಗೆ ಕಾಣತ್ತೆ, ಹೋಗೋ," ಎನ್ನುತ್ತಾಳೆ ಅವಳು.

ಆ ಅಂಜಿಕೆಗೆ ಕಾರಣವಾದದ್ದು ಸಾಮೂಹಿಕ ಬೇಸಾಯ ಮುಗಿದು ಹೊಲಗಳು ಮನೆಮನೆಗೆ ಹಂಚಿಹೋದ ಹೊಸತರಲ್ಲಿ ನಡೆಯಿತು. ಓಕ್ ಗುಡ್ಡಗಳ ಮೇಲೆ ರೇಷ್ಮೆಹುಳು ಮೇಯಿಸುವ ಗುವಾನ್ ಮನೆತನಕ್ಕೆ ಅವಳು ಸೊಸೆಯಾಗಿ ಬಂದಿದ್ದಳು. ಸಸ್ಯರಕ್ಷಣಾ ಕೇಂದ್ರದವರು ಕಡಜ ಬೆಳೆಸುತ್ತಿದ್ದುದು ನಮ್ಮ ಇದೇ ರೇಷ್ಮೆಚಿಟ್ಟೆಗಳ ಮೊಟ್ಟೆಯಲ್ಲಿ. ಆದ್ದರಿಂದ ಮೊಟ್ಟೆ ಹಿಡಿದು ಪಳಗಿದ ಕೈ ಬೇಕೆಂದು ಊರಿನ ಕಡಜದ ಚೂರುಗಳನ್ನೆಲ್ಲ ಅವಳಿಗೇ ಒಪ್ಪಿಸಿದರು. ಅಂದು ಮಳೆ ಜಡಿಯುತ್ತಿತ್ತು. "ಮಳೆ ನಿಲ್ಲೋವರೆಗೂ ತಣ್ಣಗಿರೋ ಕಡೆ ಇಡಮ್ಮ," ಎಂದಿದ್ದರು ಕೇಂದ್ರದವರು.

ಯೂಫೆಂಗಳಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ರೇಷ್ಮೆಯ ಮನೆಯಲ್ಲಿ ಮೊಟ್ಟೆಯನ್ನು ಶೀತಕ್ಕೊಡ್ಡುವವರುಂಟೇ? ಥಂಡಿ ಸೋಕಿದ ಮೊಟ್ಟೆಯನ್ನು ಬೆಚ್ಚಗಿಡುವುದು ಅವಳ ತವರಿನಲ್ಲೂ ಅತ್ತೆಯ ಮನೆಯಲ್ಲೂ ಉಸಿರಾಟದಷ್ಟು ಸಹಜವಾದ ರೂಢಿ. ಒಲೆಯ ಹೊಗೆ ಅಡಿಯಲ್ಲಿ ಹರಿದು ಕಾಯಿಸುವ ಇಟ್ಟಿಗೆಯ ಮಲಗುಜಗಲಿಯ ತುದಿಯಲ್ಲಿ ಹತ್ತಿಯ ರಜಾಯಿ ಹಾಸಿ, ಚೂರುಗಳನ್ನು ಅದರ ಮಡಿಕೆಯೊಳಗೆ ಮಲಗಿಸಿದಳು.

ಮಳೆ ಹಿಡಿದ ಹಾಗೆಯೇ ಇತ್ತು. ಎರಡನೆಯ ಬೆಳಗ್ಗೆ ಕಸ ಗುಡಿಸುವಾಗ ಕಿಟಕಿಯ ಗಾಜಿನ ಮೇಲೆ ಮಸಿ ಕುಳಿತಿರುವುದನ್ನು ಕಂಡು ಒರೆಸಲು ಬಟ್ಟೆ ಎತ್ತಿದಳು. ಮಸಿ ನಡೆಯುತ್ತಿತ್ತು.

ರಜಾಯಿಯ ಮಡಿಕೆ ಬಿಡಿಸಿದಳು. ಪ್ರತಿ ಮೊಟ್ಟೆಯಲ್ಲೂ ಸೂಜಿಮೊನೆಯಷ್ಟು ರಂಧ್ರ. ಅವಳ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ಅದೇ ಕೋಣೆಯಲ್ಲಿ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದಲ್ಲಿ, ಅತ್ತೆ ತೂಗುಹಾಕಿದ್ದ ಕಾಗದದ ಹಾಳೆಗಳು. ಹಾಳೆಗಳ ತುಂಬ ಶರತ್ಕಾಲದ ರೇಷ್ಮೆಯ ಬಿತ್ತನೆ ಮೊಟ್ಟೆ. ಮನೆಯ ವರ್ಷದ ಅನ್ನವೆಲ್ಲ ಅಲ್ಲಿತ್ತು. ತುದಿಯ ಹಾಳೆಯಂತೂ ಅತ್ತೆ ಒಂದೊಂದು ಚಿಟ್ಟೆಯ ರೆಕ್ಕೆಯನ್ನೂ ಬೆಳಕಿಗೆ ಹಿಡಿದು ನೋಡಿ ಆರಿಸಿದ್ದ ತಳಿಯದು, ಹಿಂದಿನ ದಿನವಷ್ಟೇ ಇಟ್ಟ ಮೊಟ್ಟೆಗಳದು.

ಕಿಟಕಿ ತೆರೆದು ಅಂಗಿಯ ಅಂಚಿನಿಂದಲೇ ಗಾಳಿ ಬೀಸಿ ಕಡಜಗಳನ್ನು ಹೊರಗಟ್ಟತೊಡಗಿದಳು.

"ಯಾಕೇ ಕಿಟಕಿ ತೆಗ್ದೆ? ಮೊಟ್ಟೆಗೆ ಥಂಡಿ ಹೊಡೆಯತ್ತೆ!" ಅಡುಗೆಮನೆಯಿಂದ ಅತ್ತೆಯ ಕೂಗು.

"ಹೊಗೆ ತುಂಬಿತ್ತು ಅತ್ತೆ."

ಅಂದಿನಿಂದ ನವಣೆಯ ಗಂಜಿ ಅವಳಿಗೆ ಇಳಿಯದಾಯಿತು. ರೇಷ್ಮೆದೇವಿಯ ಮುಂದೆ ಊದುಬತ್ತಿ ಹಚ್ಚುವಾಗ ದೇವಿಯ ಮುಖ ನೋಡುತ್ತಿರಲಿಲ್ಲ. ಹಾಳೆಗಳ ಬಳಿ ಸುಳಿದಾಗಲೆಲ್ಲ ಆ ನುಣುಪಾದ ಕಂದು ಚಿಪ್ಪುಗಳನ್ನು ದಿಟ್ಟಿಸುವಳು. ಒಳಗೆ ಬೆಳೆಯುತ್ತಿರುವುದು ಯಾವುದೆಂದು ಚಿಪ್ಪು ಹೇಳುತ್ತಿರಲಿಲ್ಲ. ಒಮ್ಮೆ ಅತ್ತೆ, "ಏನೇ ಹುಡುಗಿ, ಊಟ ಸೇರ್ತಿಲ್ಲ, ಮುಖ ಬಿಳುಚಿದೆ, ಹೊಟ್ಟೇಲಿ ಏನಾದ್ರೂ ಇದೆಯೋ ಹೇಗೆ?" ಎಂದು ನಕ್ಕಾಗ, ಅವಳು ಬಟ್ಟಲು ಕೆಳಗಿಟ್ಟು ಹೊರಗೋಡಿದಳು.

ಕೊನೆಗೆ ಮೊಟ್ಟೆಯೊಡೆಯುವ ಕಾಲ ಬಂದಿತು. ಮೊದಲ ಹಾಳೆ ಬೆಳಗಾಗುತ್ತಲೇ ಕಪ್ಪು ಮರಿಗಳಿಂದ ಮಿಸುಕಿತು. ಎರಡನೆಯದೂ ಒಡೆಯಿತು, ಅದರ ಪಕ್ಕದವೂ ಒಡೆದವು. ಮರಿ ಆಗಲೇ ಬಲಿಯುತ್ತಿದ್ದ ಮೊಟ್ಟೆಗಳನ್ನು ಕಡಜ ಮುಟ್ಟಿರಲಿಲ್ಲ. ಅತ್ತೆ ಎಳೆಯ ಓಕ್ ಚಿಗುರಿಗೆ ಮರಿಗಳನ್ನು ಹತ್ತಿಸುತ್ತ ಹಾಡಿಕೊಳ್ಳುತ್ತಿದ್ದಳು. ತುದಿಯ ಹಾಳೆ ಮಾತ್ರ ಹೊತ್ತು ಮೀರಿದರೂ ಅಲುಗಲಿಲ್ಲ.

"ನನ್ನ ಚೆಲುವೆಯರಿಗೆ ಯಾಕಿಷ್ಟು ಸೋಮಾರಿತನ?" ಎಂದು ಅತ್ತೆ ಹಾಳೆಯನ್ನು ಬೆಳಕಿಗೆ ಹಿಡಿದಳು.

ಯೂಫೆಂಗ್ ಮಣ್ಣಿನ ನೆಲದ ಮೇಲೆ ಮಂಡಿಯೂರಿದಳು. "ಅವು ಏಳಲ್ಲ ಅತ್ತೆ. ಕಡಜ ಹೊಕ್ಕಿದೆ. ಜಗಲಿ ಮೇಲೆ ಬೆಚ್ಚಗಿಟ್ಟೋಳು ನಾನೇ. ಹೊಗೆ ಅಂದಿದ್ದೂ ಸುಳ್ಳು."

ಅತ್ತೆಯ ಹೆಬ್ಬೆರಳ ಪಕ್ಕದ ಮೊಟ್ಟೆಯೊಂದರಿಂದ ಕರಿಯ ಕಣವೊಂದು ಹೊರಬಂದು ಮೀಸೆ ತಿರುವಿಕೊಂಡಿತು. ಯೂಫೆಂಗ್ ಹಾಳೆಗೆ ಕೈಚಾಚಿದಳು. "ಕೊಡಿ, ಒಲೆಗೆ ಹಾಕ್ಬಿಡ್ತೀನಿ. ಮರಿಗಳ ಹತ್ರ ಬೇಡ."

"ಕೈ ತೆಗಿ. ನನ್ನ ಚಿಟ್ಟೆಗಳು ಇಟ್ಟಿದ್ದು ಅದು." ಮುದುಕಿಯ ಧ್ವನಿ ಒಡೆದಿತ್ತು. ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. "ಇದು ಜೋಳದ ಹುಳೂನ ಕೊಲ್ಲತ್ತೆ ಅಂತಾರಲ್ಲ, ನಿಜವೇನೇ?"

"ಹುಟ್ಟೋಕೇ ಬಿಡಲ್ಲ ಅಂದ್ರು."

"ಹಾಗಾದ್ರೆ ಹೊಲಕ್ಕೆ ನಡಿ."

ಕೆಸರಿನಲ್ಲಿ ಅತ್ತೆ ಮುಂದೆ, ಸೊಸೆ ಹಿಂದೆ. ತಾನೇ ಆರಿಸಿದ ತಳಿಯ ಹಾಳೆಯನ್ನು ಮುದುಕಿ ತನ್ನ ಕೈಯಾರೆ ಹರಿದು ಚೂರುಗಳನ್ನು ಒಂದೊಂದಾಗಿ ಹಿಂದಕ್ಕೆ ನೀಡುತ್ತಿದ್ದಳು. ಒಂದು ಚೂರನ್ನು ಹಿಡಿದು ಯೂಫೆಂಗ್ ನಿಂತುಬಿಟ್ಟಳು.

"ಬೈದ್ಬಿಡಿ ಅತ್ತೆ, ಈ ಮೌನ ತಡಿಯಕ್ಕಾಗಲ್ಲ."

"ಬೈತೀನಿ, ಆತುರ ಬೇಡ. ಮೊದ್ಲು ಚುಚ್ಚು, ಹಾರಿಹೋಗ್ತವೆ."

ಬೈಗುಳ ಸಂಜೆ ಬಂತು, ಮೂರು ಮನೆಯಾಚೆಗೂ ಕೇಳುವಂತೆ. ಅದನ್ನು ಕೇಳಿದ ಬಳಿಕವೇ ಯೂಫೆಂಗ್ ಬಟ್ಟಲು ತುಂಬ ಗಂಜಿ ಉಂಡಳು.

ಅತ್ತೆ ಈಗಿಲ್ಲ. ಯೂಫೆಂಗ್ ಇಂದಿಗೂ ಊರಿನ ಕಡಜಗಳನ್ನು ಹೊಲಕ್ಕೆ ಒಯ್ಯುತ್ತಾಳೆ. ಮಳೆ ಬಂದರೆ ಚೀಲವನ್ನು ಬಾವಿಯೊಳಗಿನ ತಂಪಿಗೆ ಇಳಿಬಿಡುತ್ತಾಳೆಯೇ ಹೊರತು ಹೊಸ್ತಿಲು ದಾಟಿಸುವುದಿಲ್ಲ. ಮನೆ ಸೇರುವ ಮುನ್ನ ಅಂಗಳದಲ್ಲಿ ನಿಂತು, ಅತ್ತೆ ಚಿಟ್ಟೆಯ ರೆಕ್ಕೆ ನೋಡುತ್ತಿದ್ದಂತೆ, ತನ್ನ ತೋಳುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಾಳೆ. ಧೂಳಿನ ಕಣವೊಂದು ಕಂಡರೆ, ಅದು ನಡೆಯುವುದೋ ಎಂದು ಉಸಿರು ಬಿಗಿಹಿಡಿದು ಕಾಯುತ್ತಾಳೆ.