ಮಂಡಕ್ಕಿಗೆ ಸಿಕ್ಕ ಕುರ್ಚಿ

ಗೆಳೆಯರೇ, ಇವತ್ತು ನನ್ನ ಕಾದಂಬರಿಯಿಂದಾಗಿ ಹರಿಹರದ ನಮ್ಮ ಮನೆಯಲ್ಲಿ ಜಗಳವೇ ಆಯಿತು.

ಹಳೆಯದೊಂದು ಪ್ರಸಿದ್ಧ ಕಾದಂಬರಿಯ ಕಥೆಯನ್ನು ಅದರಲ್ಲಿ ಬರುವ ಮನೆಯ ಅಡುಗೆಯವಳ ಬಾಯಲ್ಲಿ ಹೇಳಿಸುತ್ತಿದ್ದೇನಲ್ಲ, ಅದರ ಹೊಸ ಅಧ್ಯಾಯವನ್ನು ಅತ್ತೆಗೆ ಓದಿ ಹೇಳುತ್ತಿದ್ದೆ. ನಮ್ಮಲ್ಲಿ ಅಡುಗೆ ಮಾಡುವ ಹನುಮವ್ವನೂ ಕಂಬಕ್ಕೊರಗಿ ನೆಲದ ಮೇಲೆ ಕೂತಿದ್ದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಡತಿ ಅಡುಗೆಯವಳನ್ನು ಬೈಯುವ ಭಾಗ ಬಂತು.

"ಪಾಪ, ಅಷ್ಟಕ್ಕೆ ಹಂಗ್ಯಾಕ ಬೈಬೇಕು?" ಅತ್ತೆ ಕಣ್ಣೊರೆಸಿಕೊಂಡರು.

"ಬೈದ್ರೆ ಏನಾತ್ರಿ? ಮನೆ ನಡ್ಸೋರಿಗೆ ಸಾವಿರ ಚಿಂತಿ ಇರ್ತಾವೆ," ಎಂದಳು ಹನುಮವ್ವ.

"ಆಕಿಗೂ ಮನಸು ಅಂತ ಒಂದು ಐತೆ!"

"ಒಡತಿಗೆ ಇಲ್ಲೇನ್ರಿ?"

"ನೀ ಬಾಯಿ ಮುಚ್ಚು! ಅಡಿಗೆ ಮಾಡಾಕಿ ಕಷ್ಟ ನಿಂಗೇನು ಗೊತ್ತು?" ಅತ್ತೆ ಗದರಿದರು.

ಮೊದಲು ನಕ್ಕವಳು ಹನುಮವ್ವ. ಅತ್ತೆ ನಾಚಿಕೊಂಡು ನನ್ನ ಕಡೆ ತಿರುಗಿ, "ಮುಂದಿನ ಅಧ್ಯಾಯದಾಗ ಆಕಿನ್ನ ಕುರ್ಚಿ ಮ್ಯಾಲೆ ಕೂಡ್ಸು," ಎಂದರು.

ಖಾಲಿ ಕುರ್ಚಿಯೊಂದು ಅಲ್ಲೇ ಇತ್ತು. ಹನುಮವ್ವನ ಕಡೆ ಎಳೆದೆ. ಅವಳು ಅದರ ಮೇಲೆ, ನಾನು ದಾವಣಗೆರೆಯಿಂದ ಕಟ್ಟಿಸಿಕೊಂಡು ಬಂದಿದ್ದ ಮಂಡಕ್ಕಿಯ ತಟ್ಟೆ ಇಟ್ಟಳು. ಅಷ್ಟು ದೂರ ಕೈ ಎಟುಕದೆ ಅತ್ತೆ ಗೊಣಗುತ್ತ ತಮ್ಮ ಕುರ್ಚಿಯಿಂದ ಇಳಿದು, ಅವಳ ಪಕ್ಕದಲ್ಲೇ ನೆಲಕ್ಕೆ ಕೂತರು. ನಾನೂ ಇಳಿದೆ.

ಇದನ್ನು ಬರೆಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕೂತಿರುವುದು ಮಂಡಕ್ಕಿ ಮಾತ್ರ.